ಹೋದ ಹೊಗೆ ಮರಳಿ ಬಂದ ಕಥೆ

1943ರ ಜುಲೈ ತಿಂಗಳಲ್ಲಿ ಒಂದು ದಿನ ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧದ ಕಾಲ, ಶತ್ರುಗಳು ವಿಷಾನಿಲ ಬಿಟ್ಟರೇನೋ ಎಂದು ಜನ ಬೆದರಿದರಂತೆ. ಮೋಟಾರುಗಳೂ ತೈಲದ ಕಾರ್ಖಾನೆಗಳೂ ಉಗುಳುವ ಸಾರಜನಕದ ಆಕ್ಸೈಡುಗಳು ಮತ್ತು ಹೈಡ್ರೋಕಾರ್ಬನ್ನುಗಳು ಬಿಸಿಲಿನಲ್ಲಿ ಕೂಡಿ ಈ ಮಬ್ಬಾಗುತ್ತವೆಂದು 1950ರ ಸುಮಾರಿಗೆ ತೋರಿಸಿಕೊಟ್ಟವನು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ.

ಆದರೆ ಮೋಟಾರನ್ನು ಮುಟ್ಟುವುದು ಸುಲಭವೆ? ಮೊದಲು ಕೈಗೆ ಸಿಕ್ಕದ್ದು ಬಡಪಾಯಿ ಹಿತ್ತಿಲ ಗೂಡು. ಆ ಊರಿನ ಮನೆಗಳ ಹಿತ್ತಿಲಲ್ಲಿ ಕಸ ಸುಡುವ ಗೂಡುಗಳಿದ್ದವು. 1957ರಲ್ಲಿ ಅವನ್ನು ನಿಷೇಧಿಸಿದರು. ಸುಡದ ಕಸ ಎಲ್ಲಿಗಾದರೂ ಹೋಗಬೇಕಲ್ಲ! ಅದೇ ವರ್ಷ ನಗರದ ಪೂರ್ವಕ್ಕಿರುವ ಪ್ಯೂಎಂಟೆ ಬೆಟ್ಟಗಳಲ್ಲಿ ಒಂದು ತಿಪ್ಪೆ ಆರಂಭವಾಯಿತು. 2013ರಲ್ಲಿ ಅದನ್ನು ಮುಚ್ಚುವ ವೇಳೆಗೆ ಕಸ ಸುಮಾರು 500 ಅಡಿ ಎತ್ತರಕ್ಕೆ ಬೆಳೆದಿತ್ತು.

ಗಾಳಿ ಸೋಕದೆ ಕೊಳೆಯುವ ಕಸ ಅನಿಲವನ್ನು ಬಿಡುತ್ತದೆ. ಅದರಲ್ಲಿ ಸರಿಸುಮಾರು ಅರ್ಧ ಮೀಥೇನ್. ನೆಲದೊಳಗೆ ಹರಿದು ಪಕ್ಕದ ಮನೆಗಳಿಗೆ ನುಗ್ಗಿದರೆ ಅದು ಸಿಡಿಯಬಹುದು. ಆಕಾಶಕ್ಕೆ ಬಿಟ್ಟರೆ ಭೂಮಿಯನ್ನು ಕಾಯಿಸುತ್ತದೆ. ಕೊಳವೆ ಇಳಿಸಿ ಅದನ್ನು ಹೀರಿ, 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿಯೇ ಬಾಯ್ಲರಿನಲ್ಲಿ ಉರಿಸಿ ಸುಮಾರು 50 ಮೆಗಾವಾಟ್ ವಿದ್ಯುತ್ತನ್ನು ತೆಗೆಯತೊಡಗಿದರು. ಸುಡಬಾರದೆಂದು ಹೂತ ಕಸವನ್ನು ಕೊನೆಗೆ ಹೀಗೆ ಸುಟ್ಟದ್ದೇ ಆಯಿತು!

ಉರಿಯೆಂದ ಮೇಲೆ ಹೊಗೆ. ಮೀಥೇನಲ್ಲದ ಸಾವಯವ ಅನಿಲಗಳಲ್ಲಿ ನೂರಕ್ಕೆ 98 ಪಾಲನ್ನು ನಾಶಮಾಡಬೇಕೆಂದು 1996ರಲ್ಲಿ ಅಮೆರಿಕ ಸರಕಾರ ದೊಡ್ಡ ತಿಪ್ಪೆಗಳಿಗೆ ವಿಧಿಸಿತು. ಬೆಂಕಿ ಆ ಕೆಲಸವನ್ನು ಮಾಡುತ್ತದೆ, ನಿಜ; ಆದರೆ ಅದರ ಕಾವಿನಲ್ಲಿ ಗಾಳಿಯ ಸಾರಜನಕವೇ ಬೆಂದು ಹಾಗೆನ್-ಸ್ಮಿಟ್ ಹಿಡಿದ ಆ ಹಳೆಯ ಆಕ್ಸೈಡು ಹುಟ್ಟುತ್ತದೆ. ಬಾಯ್ಲರಿನಲ್ಲಿ ಇದು ಕಡಿಮೆ. ಹಲವು ತಿಪ್ಪೆಗಳಲ್ಲಿ ಕೂರಿಸಿದ ಎಂಜಿನುಗಳಲ್ಲಿ ಹೆಚ್ಚು. ಗಾಳಿಯನ್ನು ಹೆಚ್ಚಿಸಿ ಉರಿಯನ್ನು ತಣಿಸೋಣವೆಂದರೆ ಅರೆಬೆಂದ ಅನಿಲ ಉಳಿಯುವ ಭಯ. ಮೋಟಾರುಗಳಿಗೆ ಒದಗಿದ ವೇಗವರ್ಧಕವನ್ನು ಜೋಡಿಸೋಣವೆಂದರೆ ಅಡ್ಡ ಬಂದದ್ದು ಯಾವುದು? ಶಾಂಪೂ! ಅದರಲ್ಲಿಯೂ ಸೌಂದರ್ಯಸಾಧನಗಳಲ್ಲಿಯೂ ಇರುವ ಸಿಲಾಕ್ಸೇನ್ ಕಸದೊಡನೆ ತಿಪ್ಪೆ ಸೇರಿ, ಅನಿಲದೊಡನೆ ಎದ್ದು, ಎಂಜಿನಿನಲ್ಲಿ ಉರಿದು ನುಣುಪು ಮರಳಾಗುತ್ತದೆ. ವೇಗವರ್ಧಕದ ಮೇಲೆ ಕುಳಿತು ಅದನ್ನು ಕೆಡಿಸುತ್ತದೆ. ಆದ್ದರಿಂದ ಅನಿಲವನ್ನು ಮೊದಲು ಇದ್ದಿಲಿನ ಮೂಲಕ ಸೋಸಬೇಕು. ಅದು ದುಬಾರಿಯ ಮಾತು.

2008ರಲ್ಲಿ ಆ ಪ್ರಾಂತದ ವಾಯುಮಂಡಲಿ ಇಂಥ ಎಂಜಿನುಗಳು ಬಿಡುವ ಆಕ್ಸೈಡು ಹತ್ತು ಲಕ್ಷಕ್ಕೆ 11 ಭಾಗವನ್ನು ಮೀರಬಾರದೆಂದು ಗೊತ್ತುಮಾಡಿ, 2012ರ ಗಡುವನ್ನಿತ್ತಿತು. ಗಡುವು ಬಂದಾಗ ಅದನ್ನು ಮುಂದೂಡಬೇಕಾಯಿತು. ಎಂಜಿನನ್ನು ನಿಲ್ಲಿಸಿದರೂ ತಿಪ್ಪೆ ನಿಲ್ಲುವುದಿಲ್ಲವೆಂಬುದೇ ಇಲ್ಲಿಯ ತೊಡಕು. ಅನಿಲವನ್ನು ಬರಿಯ ಪಂಜಿನಲ್ಲಿ ಉರಿಸಿಬಿಡಬೇಕು. ಹೊಗೆ ಇದ್ದೇ ಇರುತ್ತದೆ, ದೀಪ ಮಾತ್ರ ಇಲ್ಲ. ಹೀಗಿದ್ದರೂ ಮಂಡಲಿಯ ಹಟ ನನಗೆ ನ್ಯಾಯವಾಗಿಯೇ ಕಾಣುತ್ತದೆ. ತಿಪ್ಪೆಯ ಕೆಳಗಿನ ಬೀದಿಗಳಲ್ಲಿ ಉಸಿರಾಡುವವರು ಆ ವಿದ್ಯುತ್ತಿನ ಬೆಲೆಯನ್ನು ಎರಡನೆಯ ಸಲ ಏಕೆ ತೆರಬೇಕು?

ಪ್ಯೂಎಂಟೆಯ ಮೇಲೆ ಈಗ ಮಣ್ಣು ಮುಚ್ಚಿದೆ. ಒಳಗಿನ ಕಸ ಕೊಳೆಯುವುದು ಇನ್ನೂ ಮುಗಿದಿಲ್ಲ.