ಲ್ಯಾಪ್‌ಟಾಪ್ ಮೂಲೆಯಲ್ಲಿ ‘ವೈರಸ್ ಬಂದಿದೆ’ ಅಂತ ತೋರಿಸುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಓದಿ

ಶಿಕಾರಿಪುರದಲ್ಲಿ ಬಿ.ಕಾಂ. ಓದುತ್ತಿರುವ ನನ್ನ ಚಿಕ್ಕಮ್ಮನ ಮಗ ಒಂದು ಸಂಜೆ ಗಾಬರಿಯಲ್ಲಿ ಫೋನ್ ಮಾಡಿದ. “ಅಕ್ಕಾ, ಲ್ಯಾಪ್‌ಟಾಪ್‌ಗೆ ವೈರಸ್ ಬಂದಿದೆ. ಐದು ವೈರಸ್ ಅಂತ ತೋರಿಸ್ತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡ್ಬೇಕು, ಎಂಟುನೂರು ಆಗುತ್ತೆ ಅಂದ್ರು. ಸ್ಕಾಲರ್‌ಶಿಪ್ ಅರ್ಜಿಗೆ ಎರಡೇ ದಿನ ಉಳಿದಿದೆ, ಸ್ಕ್ಯಾನ್ ಮಾಡಿಸಿದ ಮಾರ್ಕ್ಸ್ ಕಾರ್ಡ್ ಎಲ್ಲಾ ಅದ್ರಲ್ಲೇ ಇದೆ. ಏನ್ ಮಾಡ್ಲಿ?”

ವಿಡಿಯೋ ಕಾಲ್‌ನಲ್ಲಿ ಪರದೆ ತೋರಿಸು ಎಂದೆ. ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ. ಅದರಲ್ಲಿ ಗುರಾಣಿಯ ಚಿತ್ರ, ಕೆಂಪು ಅಕ್ಷರದ ಎಚ್ಚರಿಕೆ, ‘ಈಗಲೇ ಸ್ವಚ್ಛಗೊಳಿಸಿ’ ಎಂಬ ಬಟನ್. ಆದರೆ ಅದೇ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಬ್ರೌಸರ್‌ನ ಹೆಸರೂ ಯಾವುದೋ ಜಾಲತಾಣದ ವಿಳಾಸವೂ ಇದ್ದವು. ಅಂದರೆ ಆ ಮಾತು ಹೇಳುತ್ತಿದ್ದದ್ದು ಕಂಪ್ಯೂಟರ್ ಅಲ್ಲ, ಆಂಟಿವೈರಸ್ಸೂ ಅಲ್ಲ. ಒಂದು ಜಾಲತಾಣ ಜಾಹೀರಾತು ಕಳಿಸುತ್ತಿತ್ತು. ಹಾಗೆ ಕಳಿಸಲು ಅದಕ್ಕೆ ಅನುಮತಿ ಕೊಟ್ಟವನು ನನ್ನ ತಮ್ಮನೇ!

ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಯಾಯಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಒಂದು ಫೈಲೂ ಹೋಗಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಆ್ಯಡ್‌ವೇರ್ ಎಂದರೇನು?

ನಮಗೆ ಬೇಡದ ಜಾಹೀರಾತುಗಳನ್ನು ತೋರಿಸುವುದಕ್ಕಾಗಿಯೇ ಕಂಪ್ಯೂಟರ್‌ನೊಳಗೆ ಸೇರಿಕೊಳ್ಳುವ ತಂತ್ರಾಂಶಕ್ಕೆ ಆ್ಯಡ್‌ವೇರ್ ಎನ್ನುತ್ತಾರೆ. ನೀವು ಒಂದು ಜಾಹೀರಾತು ನೋಡಿದರೆ, ಕ್ಲಿಕ್ ಮಾಡಿದರೆ, ಅಥವಾ ಅದು ತೋರಿಸಿದ ಹುಡುಕುತಾಣದಲ್ಲಿ ಏನನ್ನಾದರೂ ಹುಡುಕಿದರೆ ಅದನ್ನು ಹರಡಿದವರಿಗೆ ಕೆಲವು ಪೈಸೆ ಸಿಗುತ್ತದೆ. ಲಕ್ಷಾಂತರ ಕಂಪ್ಯೂಟರ್‌ಗಳಿಂದ ಬರುವ ಪೈಸೆ ಸೇರಿದರೆ ದೊಡ್ಡ ಮೊತ್ತವೇ ಆಗುತ್ತದೆ.

ವೈರಸ್‌ಗೂ ಇದಕ್ಕೂ ವ್ಯತ್ಯಾಸವಿದೆ. ವೈರಸ್ ಒಂದು ಫೈಲಿನಿಂದ ಇನ್ನೊಂದಕ್ಕೆ ತಾನೇ ಹರಡುತ್ತದೆ. ಆ್ಯಡ್‌ವೇರ್ ಬಹುತೇಕ ಸಲ ನಮ್ಮಿಂದಲೇ ‘ಹೂಂ’ ಅನ್ನಿಸಿಕೊಂಡು ಒಳಗೆ ಬರುತ್ತದೆ. ನಾವು ಓದದೆ ಹೂಂ ಅಂದಿರುತ್ತೇವೆ, ಅಷ್ಟೆ. ತೆಗೆಯುವುದು ಸುಲಭವಾಗುವುದೂ ಇದೇ ಕಾರಣಕ್ಕೆ. ಎಲ್ಲಿ ಹೂಂ ಅಂದಿದ್ದೇವೋ ಅಲ್ಲಿಗೆ ಹೋಗಿ ಬೇಡ ಅಂದರಾಯಿತು.

ಬರುವುದು ಮೂರು ಬಾಗಿಲಿನಿಂದ

ಮೊದಲನೆಯದು ನೋಟಿಫಿಕೇಶನ್ ಅನುಮತಿ. ಜಾಲತಾಣ ತೆರೆದ ಕೂಡಲೇ ‘ನೀವು ರೋಬೋ ಅಲ್ಲ ಎಂದು ತಿಳಿಸಲು ಅಲೋ ಒತ್ತಿ’ ಎಂದು ಕೇಳುತ್ತದೆ. ಒತ್ತಿದರೆ, ಆ ತಾಣವನ್ನು ಮುಚ್ಚಿದ ಮೇಲೂ ಪರದೆಯ ಮೂಲೆಯಲ್ಲಿ ಜಾಹೀರಾತು ಬರುತ್ತಿರುತ್ತದೆ. ಇಲ್ಲಿ ಯಾವ ತಂತ್ರಾಂಶವೂ ಒಳಗೆ ಬಂದಿರುವುದಿಲ್ಲ, ಬರೀ ಅನುಮತಿ ಹೋಗಿರುತ್ತದೆ.

ಎರಡನೆಯದು ಬ್ರೌಸರ್ ಎಕ್ಸ್‌ಟೆನ್ಶನ್. ಪಿಡಿಎಫ್ ಬದಲಾಯಿಸಲು, ವಿಡಿಯೋ ಇಳಿಸಿಕೊಳ್ಳಲು, ಕೂಪನ್ ಹುಡುಕಲು ಎಂದು ಸೇರಿಸಿಕೊಂಡ ಸಣ್ಣ ಸಾಧನಗಳಿವು. ಕೆಲವು ನಿಮ್ಮ ಮುಖಪುಟವನ್ನೂ ಹುಡುಕುತಾಣವನ್ನೂ ಸದ್ದಿಲ್ಲದೆ ಬದಲಾಯಿಸುತ್ತವೆ.

ಮೂರನೆಯದು ಒಂದರ ಜೊತೆಗೆ ಇನ್ನೊಂದಾಗಿ ಇನ್‌ಸ್ಟಾಲ್ ಆಗುವ ತಂತ್ರಾಂಶ. ನನ್ನ ತಮ್ಮನಿಗೆ ಆದದ್ದು ಹೀಗೆ. ಪ್ರಾಜೆಕ್ಟ್ ವರದಿಯನ್ನು ಕನ್ನಡದಲ್ಲಿ ಟೈಪ್ ಮಾಡಲು ‘ನುಡಿ’ ಬೇಕಿತ್ತು. ಹುಡುಕಿದ, ಮೊದಲು ಸಿಕ್ಕ ತಾಣ ತೆರೆದ. ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್ ಇದ್ದವು. ದೊಡ್ಡದಾಗಿ ಹಸಿರಾಗಿದ್ದದ್ದನ್ನು ಒತ್ತಿದ. ಅದು ಜಾಹೀರಾತಾಗಿತ್ತು. ಮುಂದೆ ಬಂದ ಪ್ರತಿ ಪರದೆಯಲ್ಲೂ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋದ. ಕೊನೆಗೆ ನುಡಿ ಬರಲೇ ಇಲ್ಲ, ಒಂದು ‘ಪಿಸಿ ಕ್ಲೀನರ್’ ಬಂದು ಕೂತಿತ್ತು.

ಹಳ್ಳಿ, ಪೇಟೆ ಎಂಬ ಭೇದವಿಲ್ಲ

ಇಂಥದ್ದು ಗೊತ್ತಿಲ್ಲದವರಿಗೆ ಮಾತ್ರ ಆಗುತ್ತದೆ ಎಂದುಕೊಳ್ಳಬೇಡಿ. 2017ರಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ ‘ಫೈರ್‌ಬಾಲ್’ ಎಂಬ ಆ್ಯಡ್‌ವೇರ್ ಬಗ್ಗೆ ವರದಿ ಮಾಡಿತು. ಉಚಿತ ತಂತ್ರಾಂಶಗಳ ಜೊತೆ ಅಂಟಿಕೊಂಡು ಬಂದು, ಬ್ರೌಸರ್‌ನ ಮುಖಪುಟವನ್ನು ನಕಲಿ ಹುಡುಕುತಾಣಕ್ಕೆ ತಿರುಗಿಸುವುದು ಅದರ ಕೆಲಸ. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರ್‌ಗಳಿಗೆ ಅದು ತಗುಲಿದೆ, ಅತಿ ಹೆಚ್ಚು ಭಾರತದಲ್ಲಿ, ಸುಮಾರು 2.53 ಕೋಟಿ ಎಂದು ಆ ಸಂಸ್ಥೆ ಅಂದಾಜು ಮಾಡಿತ್ತು. ಈ ಅಂಕಿ ವಾಸ್ತವಕ್ಕಿಂತ ತುಂಬಾ ಹೆಚ್ಚು ಎಂದು ಮೈಕ್ರೋಸಾಫ್ಟ್ ಆಗಲೇ ಆಕ್ಷೇಪಿಸಿತು. ಅಂಕಿಯ ಬಗ್ಗೆ ಜಗಳವಿತ್ತೇ ಹೊರತು ಅದು ಒಳಗೆ ಬರುತ್ತಿದ್ದ ದಾರಿಯ ಬಗ್ಗೆ ಇರಲಿಲ್ಲ.

ಹೊಸ ಲ್ಯಾಪ್‌ಟಾಪ್‌ನಲ್ಲೇ ಬಂದದ್ದೂ ಉಂಟು. ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ ಕಾರ್ಖಾನೆಯಿಂದಲೇ ಇತ್ತು ಎಂಬುದು 2015ರ ಫೆಬ್ರುವರಿಯಲ್ಲಿ ಬಯಲಾಯಿತು. ಜಾಹೀರಾತು ತೂರಿಸಲೆಂದು ಅದು ಬ್ರೌಸರ್‌ನ ಬೀಗದ ಗುರುತಿನ ಭದ್ರತೆಯನ್ನೇ ಮುರಿಯುತ್ತಿತ್ತು. ಹಾಗಾಗಿ ಬ್ಯಾಂಕ್ ತಾಣಗಳ ವ್ಯವಹಾರಕ್ಕೂ ಅಪಾಯವಿತ್ತು. ಕಂಪನಿ ಅದನ್ನು ತೆಗೆಯುವ ಸಾಧನವನ್ನು ಬಿಡುಗಡೆ ಮಾಡಬೇಕಾಯಿತು. ‘ಬರೀ ಜಾಹೀರಾತು ತಾನೇ’ ಎಂದು ಬಿಟ್ಟುಬಿಡಬಾರದು ಎನ್ನುವುದು ಇದಕ್ಕೇ.

ತೆಗೆಯುವುದು ಹೇಗೆ?

ಮುಖ್ಯ ಫೈಲುಗಳನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಇದೇ ಕ್ರಮದಲ್ಲಿ ಮಾಡಿ. ವಿಂಡೋಸ್ ಮತ್ತು ಕ್ರೋಮ್ ಆವೃತ್ತಿಗೆ ತಕ್ಕಂತೆ ಹೆಸರುಗಳು ಅಲ್ಪಸ್ವಲ್ಪ ಬೇರೆ ಇರಬಹುದು.

1. ನೋಟಿಫಿಕೇಶನ್ ನಿಲ್ಲಿಸಿ. ಕ್ರೋಮ್‌ನ ಬಲಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಗುರುತಿಲ್ಲದವನ್ನೆಲ್ಲ ಬ್ಲಾಕ್ ಮಾಡಿ. ನನ್ನ ತಮ್ಮನ ಪಟ್ಟಿಯಲ್ಲಿ ನಾಲ್ಕು ಇದ್ದವು. ಅವನ್ನು ತೆಗೆದ ಕೂಡಲೇ ‘ಐದು ವೈರಸ್’ ಮಾಯವಾದವು.

2. ಎಕ್ಸ್‌ಟೆನ್ಶನ್ ನೋಡಿ. ಅದೇ ಮೂರು ಚುಕ್ಕಿಯಲ್ಲಿ ಎಕ್ಸ್‌ಟೆನ್ಶನ್ಸ್, ಮ್ಯಾನೇಜ್ ಎಕ್ಸ್‌ಟೆನ್ಶನ್ಸ್. ನೀವು ಬಳಸದೇ ಇರುವುದನ್ನು, ಹಾಕಿದ್ದೇ ನೆನಪಿಲ್ಲದ್ದನ್ನು ರಿಮೂವ್ ಮಾಡಿ.

3. ಇನ್‌ಸ್ಟಾಲ್ ಆಗಿರುವುದನ್ನು ದಿನಾಂಕದ ಪ್ರಕಾರ ನೋಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆದು, ಪಟ್ಟಿಯನ್ನು ದಿನಾಂಕದಂತೆ ಜೋಡಿಸಿ. ತೊಂದರೆ ಶುರುವಾದ ದಿನ ಏನೇನು ಬಂದಿದೆ ಎಂದು ಗೊತ್ತಾಗುತ್ತದೆ. ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ‘ನಿಜವಾಗಿಯೂ ತೆಗೆಯಬೇಕೆ? ಉಳಿಸಿಕೊಂಡರೆ ರಿಯಾಯಿತಿ!’ ಎಂದು ಕೇಳಿದರೂ ಓದಿಕೊಂಡೇ ಒತ್ತಿ. ಕೆಲವು ಕಡೆ ‘ಉಳಿಸಿಕೋ’ ಎಂಬ ಬಟನ್ನೇ ದೊಡ್ಡದಾಗಿರುತ್ತದೆ. ಹೆಸರು ಗೊತ್ತಿಲ್ಲದ್ದೆಲ್ಲ ಕೆಟ್ಟದ್ದಲ್ಲ. ಡ್ರೈವರ್‌ಗಳೂ ಇದೇ ಪಟ್ಟಿಯಲ್ಲಿರುತ್ತವೆ. ಅನುಮಾನವಿದ್ದರೆ ಮೊದಲು ಹೆಸರು ಹುಡುಕಿ ನೋಡಿ.

4. ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಓಡಿಸಿ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಉಚಿತವಾಗಿ ಇದ್ದೇ ಇರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ಫುಲ್ ಸ್ಕ್ಯಾನ್ ಮಾಡಿ. ಅಲ್ಲೇ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಎಂಬ ವಿಭಾಗವಿದೆ. ಅದರಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಆಗಿದೆಯೇ ನೋಡಿ.

5. ಇನ್ನೂ ಹೋಗದಿದ್ದರೆ ಬ್ರೌಸರ್ ರೀಸೆಟ್ ಮಾಡಿ. ಕ್ರೋಮ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ರೀಸೆಟ್ ಸೆಟ್ಟಿಂಗ್ಸ್ ಇದೆ. ಇದರಿಂದ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಅಳಿಸಿಹೋಗುವುದಿಲ್ಲ. ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ, ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ.

6. ಕೊನೆಯ ಸಾಧನ. ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯುಕ್ಲೀನರ್ ಎಂಬ ಉಚಿತ ಸಾಧನ ಆ್ಯಡ್‌ವೇರ್ ಹುಡುಕಲೆಂದೇ ಇದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಸ್ವಚ್ಛಗೊಳಿಸುವ ಉಚಿತ ಸಾಧನಗಳಿವೆ. ಎರಡನ್ನೂ ಅವರವರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಜಾಹೀರಾತಿನ ಚೌಕವೇ ಕೊಡುವ ‘ಕ್ಲೀನರ್’ ಅನ್ನು ಮಾತ್ರ ಮುಟ್ಟಬೇಡಿ. ಕಳ್ಳನ ಕೈಗೇ ಬೀಗದಕೈ ಕೊಟ್ಟಂತಾಗುತ್ತದೆ.

ಪರದೆಯ ಮೇಲಿನ ನಂಬರ್‌ಗೆ ಫೋನ್ ಮಾಡಬೇಡಿ

ಜಾಹೀರಾತು ಬರೀ ಕಿರಿಕಿರಿ ಕೊಟ್ಟು ಸುಮ್ಮನಾಗುವುದಿಲ್ಲ. ಸೊರಬದಲ್ಲಿರುವ ನಮ್ಮ ಸಂಬಂಧಿಕರೊಬ್ಬರು ನಿವೃತ್ತ ಮೇಷ್ಟ್ರು. ಪಹಣಿ ತೆಗೆಯಲು ಹೋಗಿ ಯಾವುದೋ ತಾಣ ತೆರೆದಾಗ ಇಡೀ ಪರದೆ ನೀಲಿಯಾಗಿ, ಜೋರಾಗಿ ಬೀಪ್ ಹೊಡೆಯತೊಡಗಿತು. ‘ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರ್‌ಗೆ ಕರೆ ಮಾಡಿ’ ಎಂದಿತ್ತು. ಮಾಡಿದರು. ಆ ಕಡೆಯವನು ಮರ್ಯಾದೆಯಿಂದಲೇ ಮಾತಾಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದ. ಆಮೇಲೆ ನೆಟ್ ಬ್ಯಾಂಕಿಂಗ್ ತೆರೆಯಿರಿ ಎಂದ. ಅಷ್ಟರಲ್ಲಿ ಮನೆಗೆ ಬಂದ ಮಗಳು ಇಂಟರ್ನೆಟ್ ತೆಗೆದುಹಾಕಿದ್ದರಿಂದ ಅಡಿಕೆ ಮಾರಿ ಬಂದ ಹಣ ಉಳಿಯಿತು.

ಇದು ಸಂಘಟಿತ ದಂಧೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಆ ಪ್ರಕರಣಗಳಲ್ಲಿ ಎರಡು, ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಹೆಸರು ಹೇಳಿಕೊಂಡು ತಾಂತ್ರಿಕ ನೆರವಿನ ಸೋಗಿನಲ್ಲಿ ಮೋಸ ಮಾಡುತ್ತಿದ್ದವರ ವಿರುದ್ಧ ಆ ಕಂಪನಿಗಳೇ ಕೊಟ್ಟ ದೂರಿನಿಂದ ಬಂದವು.

ಇಂಥ ಪರದೆ ಬಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಪೂರ್ಣಪರದೆ ಚಿಕ್ಕದಾಗುತ್ತದೆ, ಆಗ ಮುಚ್ಚಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರ್ ಆರಿಸಿ ಎಂಡ್ ಟಾಸ್ಕ್ ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಪರದೆ ಹಂಚಿಕೊಂಡಿದ್ದರೆ ಇಂಟರ್ನೆಟ್ ತೆಗೆದು, ಆ ಆ್ಯಪ್ ಅಳಿಸಿ, ಬೇರೆ ಫೋನ್‌ನಿಂದ ಪಾಸ್‌ವರ್ಡ್ ಬದಲಾಯಿಸಿ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಜಾಹೀರಾತು ಬಂದರೆ ಫಾರ್ಮ್ಯಾಟ್ ಒಂದೇ ದಾರಿ.
ವಾಸ್ತವ: ಹೆಚ್ಚಿನ ಸಲ ಮೇಲಿನ ಮೊದಲ ಮೂರು ಹೆಜ್ಜೆಯೇ ಸಾಕು. ಫಾರ್ಮ್ಯಾಟ್ ಮಾಡಿಸಿದರೂ, ಅದೇ ಗೂಗಲ್ ಖಾತೆಯಿಂದ ಕ್ರೋಮ್‌ಗೆ ಸೈನ್ ಇನ್ ಆಗಿ ಸಿಂಕ್ ಆನ್ ಮಾಡಿದರೆ ಹಳೆಯ ಎಕ್ಸ್‌ಟೆನ್ಶನ್ ವಾಪಸ್ ಬರಬಹುದು. ಪರವಾನಗಿ ಇಲ್ಲದ ವಿಂಡೋಸ್ ಹಾಕಿ ‘ಆ್ಯಕ್ಟಿವೇಟರ್’ ಓಡಿಸಿದರೆ ಹೊಸ ಕೀಟವನ್ನೇ ತಂದುಕೊಂಡಂತೆ. ಎಷ್ಟೋ ಆ್ಯಕ್ಟಿವೇಟರ್‌ಗಳು ಮೊದಲು ಡಿಫೆಂಡರ್ ಆಫ್ ಮಾಡಿ ಎನ್ನುತ್ತವೆ.

ನಂಬಿಕೆ: ಎರಡು ಆಂಟಿವೈರಸ್ ಹಾಕಿದರೆ ಎರಡು ಪಟ್ಟು ರಕ್ಷಣೆ.
ವಾಸ್ತವ: ಎರಡೂ ಒಂದೇ ಹೊತ್ತಿಗೆ ಕಾವಲು ಕೂತರೆ ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರ್ ನಿಧಾನವಾಗುತ್ತದೆ. ಒಂದೇ ಸಾಕು, ಅಪ್‌ಡೇಟ್ ಆಗಿರಬೇಕು.

ನಂಬಿಕೆ: ಫೋನ್‌ಗೆ ಇದೆಲ್ಲ ಬರುವುದಿಲ್ಲ.
ವಾಸ್ತವ: ಆಂಡ್ರಾಯ್ಡ್ ಫೋನ್‌ನ ಕ್ರೋಮ್‌ನಲ್ಲೂ ಅದೇ ‘ಅಲೋ’ ಬಟನ್ ಇದೆ, ತೆಗೆಯುವ ಜಾಗವೂ ಸೆಟ್ಟಿಂಗ್ಸ್‌ನಲ್ಲೇ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಯಾರೇ ಕಳಿಸಿದ್ದರೂ ಇನ್‌ಸ್ಟಾಲ್ ಮಾಡಬೇಡಿ.

ಮತ್ತೆ ಬರದ ಹಾಗೆ

ಕನ್ನಡ ಟೈಪ್ ಮಾಡಲು ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ವಿಂಡೋಸ್‌ನ ಭಾಷಾ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಯೂನಿಕೋಡ್ ಕೀಲಿಮಣೆ ಸಿಗುತ್ತದೆ. 2019ರ ಮೇ ಅಪ್‌ಡೇಟ್‌ನಿಂದೀಚೆಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೋನೆಟಿಕ್ ಕೀಲಿಮಣೆಯೂ ಇದೆ. ಕಾಲೇಜು, ಕಚೇರಿಯಲ್ಲಿ ನುಡಿಯೇ ಬೇಕು ಎಂದರೆ, ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದ ಪಡೆಯಿರಿ. ಅದು ಉಚಿತ.

ಪಹಣಿ, ಸ್ಕಾಲರ್‌ಶಿಪ್, ಸೇವಾ ಸಿಂಧು ಕೆಲಸಕ್ಕೆ ಹೋದಾಗ ವಿಳಾಸದ ಕೊನೆ ನೋಡಿ. ರಾಜ್ಯ ಸರ್ಕಾರದ ಈ ತಾಣಗಳ ಹೆಸರು ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಆ ಪದಗಳು ನಡುವೆ ಬಂದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಹುಡುಕಿದಾಗ ಮೇಲೆ ‘ಸ್ಪಾನ್ಸರ್ಡ್’ ಎಂದು ಬರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಂಬುದೂ ನೆನಪಿರಲಿ.

ಏನನ್ನೇ ಇನ್‌ಸ್ಟಾಲ್ ಮಾಡುವಾಗ ‘ರೆಕಮೆಂಡೆಡ್’ ಬದಲು ‘ಕಸ್ಟಮ್’ ಆರಿಸಿ. ಜೊತೆಗೆ ಏನೇನು ಬರುತ್ತಿದೆ ಎಂದು ಆಗ ಕಾಣುತ್ತದೆ, ಟಿಕ್ ತೆಗೆಯಬಹುದು.

ನನ್ನ ತಮ್ಮ ಮರುದಿನವೇ ಸ್ಕಾಲರ್‌ಶಿಪ್ ಅರ್ಜಿ ಹಾಕಿದ. ಈಗ ಯಾವ ತಾಣ ‘ಅಲೋ’ ಕೇಳಿದರೂ ಮೊದಲು ‘ಯಾಕೆ?’ ಅಂತ ಕೇಳ್ತೀನಿ ಅಕ್ಕಾ ಎನ್ನುತ್ತಾನೆ. ನಿಮ್ಮ ಮನೆಯ ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಇಷ್ಟು ಸಾಕು: ಪರದೆಯ ಮೂಲೆಯಲ್ಲಿ ‘ವೈರಸ್’ ಎಂದು ಬಂದರೆ ಹೆದರಬೇಡಿ, ಒತ್ತಬೇಡಿ, ಅಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡಿ. ಕೆಳಗಿನ ಸಣ್ಣ ಅಕ್ಷರದಲ್ಲಿ ಯಾವ ತಾಣದ ಹೆಸರಿದೆ ಎಂದು ಓದಿ, ಅದರ ಅನುಮತಿ ತೆಗೆಯಿರಿ.