ಕೊಚ್ಚಿ, ತಿರುವನಂತಪುರಗಳ ಪುಷ್ಪಪ್ರದರ್ಶನ: ಲಾಲ್‌ಬಾಗಿನ ಅಳತೆಗೋಲು ಸಾಲದು

ಪುಷ್ಪಪ್ರದರ್ಶನವೆಂದೊಡನೆ ಕನ್ನಡಿಗರ ಕಣ್ಮುಂದೆ ನಿಲ್ಲುವುದು ಬೆಂಗಳೂರಿನ ಲಾಲ್‌ಬಾಗ್. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೊಳಗೆ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಹೂವಿನಲ್ಲೇ ಕಟ್ಟಿ ನಿಲ್ಲಿಸುವ ಪ್ರತಿಕೃತಿಗಳನ್ನೂ ಅವುಗಳ ಮುಂದಿನ ನೂಕುನುಗ್ಗಲನ್ನೂ ಕಾಣದೆ ಬೆಳೆದ ಬೆಂಗಳೂರಿಗರು ವಿರಳ. 2022ರ ಆಗಸ್ಟ್ ತಿಂಗಳ ಪ್ರದರ್ಶನವು ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ಸ್ಮರಣೆಗೆ ಮೀಸಲಾಗಿದ್ದುದನ್ನು ಓದುಗರು ಮರೆತಿರಲಾರರು. ಅದೇ ನಿರೀಕ್ಷೆಯನ್ನು ಹೊತ್ತು ಕೇರಳದ ಪ್ರದರ್ಶನಗಳಿಗೆ ಹೋದವರು ಮೊದಲ ಅರ್ಧ ಗಂಟೆ ತುಸು ನಿರಾಶರಾಗುವುದುಂಟು. ನಾವೂ ಆದೆವು. ಹೂವಿಗಿಂತ ಎಲೆಯೇ ಹೆಚ್ಚಾಗಿ ಕಂಡಿತು.

ಎರಡನೆಯ ಸುತ್ತಿಗೆ ಹೊರಟಾಗಲೇ ನಮ್ಮ ತಪ್ಪು ನಮಗೆ ಅರಿವಾದದ್ದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಜನವರಿಯ ರಾತ್ರಿಗಳ ತಂಪು ಡೇಲಿಯಾ, ಪೆಟೂನಿಯಾ, ಸೇವಂತಿಗೆಗಳಿಗೆ ಹೇಳಿ ಮಾಡಿಸಿದಂಥದು. ಕೊಚ್ಚಿಯಾದರೋ ಹಿನ್ನೀರಿನ ಅಂಚಿನಲ್ಲಿ, ಕಡಲ ಮಟ್ಟದಲ್ಲೇ ಇದೆ; ಡಿಸೆಂಬರ್ ರಾತ್ರಿಯಲ್ಲೂ ಅಲ್ಲಿ ಹೊದಿಕೆ ಬೇಕೆನಿಸುವುದಿಲ್ಲ. ಆ ಬೆಚ್ಚನೆಯ ತೇವದಲ್ಲಿ ನಲಿಯುವುದು ಆಂಥೂರಿಯಂ, ಹೆಲಿಕೋನಿಯಾ, ಡೆಂಡ್ರೋಬಿಯಂ ಆರ್ಕಿಡ್, ಜರೀಗಿಡ ಮತ್ತು ಬಣ್ಣಬಣ್ಣದ ಎಲೆಯ ಗಿಡಗಳು. ಆಂಥೂರಿಯಂನಲ್ಲಿ ನಾವು ಹೂವೆಂದು ಮೆಚ್ಚುವ ಕೆಂಪು ಹೊಳಪಿನ ಹಾಳೆ ವಾಸ್ತವವಾಗಿ ಮಾರ್ಪಟ್ಟ ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲೆ ಸಾಸಿವೆಗಿಂತ ಸಣ್ಣದಾಗಿ ಒತ್ತಾಗಿ ಕೂತಿರುತ್ತವೆ. ಹೆಲಿಕೋನಿಯಾದ ಕೆಂಪು, ಹಳದಿ ದೋಣಿಗಳೂ ಹಾಗೆಯೇ. ಹೀಗಾಗಿ ಅವುಗಳ ಬಣ್ಣ ವಾರಗಟ್ಟಲೆ ಬಾಡದು.

ಮುಂಬಯಿ, ಚೆನ್ನೈಗಳಂಥ ಕಡಲ ತೀರದ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಮಾತು ಮುಖ್ಯ. ಊರಿನಿಂದ ಮರಳುವಾಗ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಡೇಲಿಯಾ ಎರಡೇ ತಿಂಗಳಲ್ಲಿ ಸೊರಗಿದ ಅನುಭವ ನಮ್ಮ ಮನೆಯಲ್ಲಿದೆ, ನಿಮ್ಮಲ್ಲಿಯೂ ಇದ್ದೀತು. ಕೈಗುಣ ಸರಿಯಿಲ್ಲವೆಂದು ಮನೆಯ ಹೆಂಗಸರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ದೋಷ ಕೈಯದಲ್ಲ, ಹವೆಯದು. ನಮ್ಮ ಬಾಲ್ಕನಿಗಳ ಹವೆ ಲಾಲ್‌ಬಾಗಿಗಿಂತ ಕೊಚ್ಚಿಗೆ ಹೆಚ್ಚು ಹತ್ತಿರ.

ಕೊಚ್ಚಿಯ ಪ್ರದರ್ಶನವನ್ನು ಎರ್ನಾಕುಲಂ ಜಿಲ್ಲಾ ಕೃಷಿ–ತೋಟಗಾರಿಕಾ ಸಂಘವು ಕ್ರಿಸ್‌ಮಸ್ ಮತ್ತು ಹೊಸವರ್ಷದ ಆಸುಪಾಸಿನಲ್ಲಿ ಏರ್ಪಡಿಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಮರೀನ್ ಡ್ರೈವ್ ಮೈದಾನದಲ್ಲಿ, ವಿಶಾಲ ಕೊಚ್ಚಿ ಅಭಿವೃದ್ಧಿ ಪ್ರಾಧಿಕಾರದ ಜೊತೆಗೂಡಿ ನಡೆದಿದೆ. ಇಲ್ಲಿ ನಿಂತು ನೋಡಬೇಕಾದುದು ಪ್ರಕೃತಿಯನ್ನೇ ಮಾದರಿಯಾಗಿಟ್ಟು ರಚಿಸುವ ಉದ್ಯಾನಗಳನ್ನು. ಕಲ್ಲು, ಹಾವಸೆ, ಒಣಗಿದ ಮರದ ಬುಡ, ಜಿನುಗುವ ನೀರು, ನೀರಿನಂಚಿಗೆ ಜರೀಗಿಡ, ಮೇಲೆ ಕೊಂಬೆಗೆ ತಗುಲಿಸಿದ ಆರ್ಕಿಡ್: ಇಷ್ಟರಿಂದಲೇ ಘಟ್ಟದ ತೊರೆಯೊಂದರ ತಿರುವು ಕಣ್ಣೆದುರಿಗೆ ಬರುತ್ತದೆ. ಅದನ್ನು ಕಂಡಾಗ ನಮಗೆ ಕೇರಳದ ‘ಕಾವು’ಗಳು, ನಮ್ಮ ಕರಾವಳಿಯ ನಾಗಬನಗಳು, ಕೊಡಗಿನ ದೇವರಕಾಡುಗಳು ಒಟ್ಟಿಗೆ ನೆನಪಾದವು. ಇಂಥ ರಚನೆಯಲ್ಲಿ ಎತ್ತರದ ಗಿಡ ತಗ್ಗಿನದಕ್ಕೆ ನೆರಳಾಗುತ್ತದೆ, ಎಲೆಗಳ ಉಸಿರು ಸುತ್ತಲ ಗಾಳಿಯನ್ನು ತೇವವಾಗಿಡುತ್ತದೆ. ಒಂಟಿ ಕುಂಡದಲ್ಲಿ ಒಣಗುವ ಗಿಡ ಗುಂಪಿನಲ್ಲಿ ಬಾಳುವುದು ಇದರಿಂದ. ಬಾಲ್ಕನಿಯ ಒಂದು ಮೂಲೆಗೂ ಇದೇ ಕ್ರಮ ಸಾಕು. ಬೊನ್ಸಾಯ್ ಮತ್ತು ತರಕಾರಿ ಕೆತ್ತನೆಗಳ ಮುಂದೆ ಮಕ್ಕಳು ನಿಲ್ಲುತ್ತಾರೆ, ನಾವು ಬೇಗ ದಾಟಿದೆವು.

ತಿರುವನಂತಪುರದ್ದು ಬೇರೆಯೇ ಸೊಗಸು. ಶ್ರೀಮೂಲಂ ತಿರುನಾಳ್ ಮಹಾರಾಜರ ಕಾಲದ ಕನಕಕ್ಕುನ್ನು ಅರಮನೆಯ ದಿಬ್ಬದ ಮೇಲೆ, ದೊಡ್ಡ ಮರಗಳ ಕೆಳಗೆ, ಕೇರಳ ಪ್ರವಾಸೋದ್ಯಮದವರು ‘ವಸಂತೋತ್ಸವಂ’ ನಡೆಸುತ್ತಾರೆ. 2018 ಮತ್ತು 2019ರಲ್ಲಿ ಜನವರಿಯಲ್ಲಿ ನಡೆದಿದ್ದ ಇದು ಈಚೆಗೆ ಡಿಸೆಂಬರ್ ಕೊನೆಯ ವಾರಕ್ಕೆ ಸರಿದು, ದೀಪಾಲಂಕಾರವನ್ನೂ ಸೇರಿಸಿಕೊಂಡಿದೆ. ಹೂವಿನ ನಿಜವಾದ ಬಣ್ಣ ಬೇಕಾದವರು ದೀಪ ಹೊತ್ತುವ ಮೊದಲೇ ಹೋಗುವುದು ಲೇಸು. ಅಂಗಳದ ಬಯಲು ರಂಗಮಂದಿರದ ಹೆಸರು ‘ನಿಶಾಗಂಧಿ’. ಅದು ಯಾವ ಹೂವೆಂದು ಕೇಳಿ ತಿಳಿದಾಗ ನಮಗೆ ನಗು ಬಂತು: ವರ್ಷಕ್ಕೊಮ್ಮೆ ನಡುರಾತ್ರಿ ಅರಳಿತೆಂದು ನೆರೆಹೊರೆಯವರನ್ನೆಲ್ಲ ಎಬ್ಬಿಸಿ, ಆರತಿ ಎತ್ತಿ, ನಾವು ಬ್ರಹ್ಮಕಮಲವೆಂದು ಕರೆಯುವ ಹೂವೇ ಅದು. ಅಮೆರಿಕ ಖಂಡದ ಕಳ್ಳಿಯ ಜಾತಿಗೆ ಸೇರಿದ್ದು. ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಬೆಳೆಯುವ, ಉತ್ತರಾಖಂಡದ ರಾಜ್ಯಪುಷ್ಪ. ಹೆಸರು ತಪ್ಪಾದರೂ ಆರತಿಯನ್ನು ನಿಲ್ಲಿಸಬೇಕಿಲ್ಲ.

ಬಿಡುವಿದ್ದವರು ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪನೆಯಾದ ಉಷ್ಣವಲಯ ಸಸ್ಯೋದ್ಯಾನವನ್ನೂ ನೋಡಬಹುದು. ಪ್ರದರ್ಶನದ ಕುಂಡದಲ್ಲಿ ಕಂಡ ಸಸ್ಯಕುಲಗಳು ಅಲ್ಲಿ ಮರವೇರಿ, ನೆಲ ಹಿಡಿದು ಬೆಳೆದಿವೆ.

ಇನ್ನು ಕೊಳ್ಳುವ ವಿಷಯ. ಎಲ್ಲ ಪ್ರದರ್ಶನಗಳ ಹೊರಬಾಗಿಲೂ ಸಸಿಯ ಮಳಿಗೆಗಳ ನಡುವೆಯೇ ಹಾದುಹೋಗುತ್ತದೆ. ಡೆಂಡ್ರೋಬಿಯಂ ಕೊಂಡರೆ ಮಣ್ಣಿಗೆ ನೆಡಬಾರದು. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯೇ ಅದರ ನೆಲ. ಬೇರಿಗೆ ಗಾಳಿ ಆಡಬೇಕು. ಅಡೇನಿಯಂಗೆ ಬಿಸಿಲು ಹೆಚ್ಚು, ನೀರು ಕಡಿಮೆ. ಹೂ ತುಂಬಿದ ಗಿಡಕ್ಕಿಂತ ಹೊಸ ಚಿಗುರೊಡೆದ ಗಿಡವನ್ನೇ ಆರಿಸುವುದು ಜಾಣತನ, ಅಂಗಡಿಯವನು ಎಷ್ಟೇ ಗೊಣಗಲಿ.

ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ರಸ್ತೆಬದಿಯಲ್ಲಿ ಗೋಣಿಚೀಲದ ಮೇಲೆ ಗುಡ್ಡೆ ಹಾಕಿದ ‘ಕಾಡು ಆರ್ಕಿಡ್’ ಎಂದೂ ಕೊಳ್ಳಬಾರದು. ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತು. ಮುಂಗಾರಿನ ಹೊತ್ತಿಗೆ ಮರದಿಂದ ನಸುಗೆಂಪು ಚವರಿಯಂತೆ ಇಳಿಬೀಳುವ ಹೂಗೊಂಚಲು. ಅದು ಕೇರಳದ ಕಾಡುಗಳಲ್ಲಿಯೂ ಇದೆ. ತುಂಡಾದ ಬೇರು, ಅಂಟಿಕೊಂಡ ಮರದ ತೊಗಟೆ, ಒಂದಕ್ಕೊಂದು ಹೋಲದ ಎಲೆಗಳು ಕಂಡರೆ ಕಾಡಿನಿಂದ ಕಿತ್ತು ತಂದದ್ದೆಂಬ ಅನುಮಾನ ಬರಬೇಕು. ಒಂದು ಬೀಜದ ಕೋಶದಲ್ಲಿ ಲೆಕ್ಕವಿಲ್ಲದಷ್ಟು ಬೀಜಗಳಿದ್ದರೂ ತಕ್ಕ ಶಿಲೀಂಧ್ರದ ನೆರವು ಸಿಗದೆ ಕಾಡಿನಲ್ಲಿ ಅವು ಮೊಳೆಯವು. ಮೊಳೆತ ಸಸಿ ಹೂಬಿಡಲು ವರ್ಷಗಳೇ ಬೇಕು. ಕಿತ್ತ ಗಿಡ ಪೇಟೆಯಲ್ಲಿ ಬದುಕುವುದೂ ಅಪರೂಪ. ನೀಲಿ ವ್ಯಾಂಡಾ, ಕೆಂಪು ವ್ಯಾಂಡಾ, ಹೂಜಿಗಿಡದಂಥ ಕೆಲವು ಸಸ್ಯಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲೇ ಇವೆ. ಸಸ್ಯಕ್ಷೇತ್ರದಲ್ಲಿ ಬೆಳೆಸಿದ ಮಿಶ್ರತಳಿಗಳು ಮಳಿಗೆಗಳಲ್ಲಿ ಧಾರಾಳವಾಗಿ ದೊರೆಯುವಾಗ ಕಾಡಿಗೆ ಕೈಯಿಕ್ಕುವ ಅಗತ್ಯವೇನು?

ಹೂವಿನ ವ್ಯವಹಾರದಲ್ಲಿ ಕನ್ನಡ ನಾಡೂ ಕೇರಳವೂ ಹಳೆಯ ನೆಂಟರು. ಓಣಂ ಹೂರಂಗೋಲಿಗೆ ಗುಂಡ್ಲುಪೇಟೆಯ ಹೊಲಗಳಿಂದ ಚೆಂಡುಹೂ ಲಾರಿಗಟ್ಟಲೆ ಘಟ್ಟ ಇಳಿಯುತ್ತದೆ. ಈಚೆಗೆ ಕೇರಳದ ಕುಟುಂಬಶ್ರೀ ಮಹಿಳೆಯರೂ ತಾವೇ ಬೆಳೆಯತೊಡಗಿದ್ದಾರೆ.

ಮೈಸೂರು ಕಡೆಗೆ ರಜೆಗೆ ಬಂದವರಿಗೆ ಅದೇ ದಾರಿಯಲ್ಲಿ ಇನ್ನೊಂದು ಪ್ರದರ್ಶನವಿದೆ: ವಯನಾಡಿನ ಅಂಬಲವಯಲ್‌ನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜನವರಿಯ ಹೊತ್ತಿಗೆ ನಡೆಯುವ ‘ಪೂಪ್ಪೊಲಿ’. ಅದು ಎತ್ತರದ ನಾಡು. ಡೇಲಿಯಾ, ಗುಲಾಬಿಗಳು ಅಲ್ಲಿ ಮತ್ತೆ ಕಾಣಸಿಗುತ್ತವೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ 2009ರಿಂದಲೂ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಸಂಜೆ ಹಿಂದಿರುಗುವವರು ಹೊತ್ತು ಮುಳುಗುವ ಮೊದಲೇ ಸುಲ್ತಾನ್ ಬತ್ತೇರಿ ಬಿಡುವುದೊಳಿತು.