ರಾಮೆನ್ ಬಟ್ಟಲಿನ ಎರಡು ಖಾರ

‘ಮನೆಯಲ್ಲೇ ಸ್ಪೈಸಿ ರಾಮೆನ್ ಮಾಡಿದ್ವಿ’ ಎಂಬ ಮಾತು ಈಗ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಇದರ ಹಿಂದೆ ಹೆಚ್ಚಾಗಿ ಒಂದು ಕಾರ್ಟೂನ್ ಇರುತ್ತದೆ. ಅಮೆರಿಕದಲ್ಲಿ 2005ರಿಂದ 2008ರವರೆಗೆ ಪ್ರಸಾರವಾದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಅಂಥದ್ದೊಂದು. ಅದರಲ್ಲಿ ನೀರು, ನೆಲ, ಬೆಂಕಿ, ಗಾಳಿ ಎಂದು ನಾಲ್ಕು ನಾಡುಗಳು; ಬೆಂಕಿ ನಾಡಿನವರ ಊಟ ನಾಲಿಗೆ ಸುಡುವಂಥದ್ದು. ಮೊದಲ ಸೀಸನ್ನಿನ ಒಂದು ಕಂತಿನಲ್ಲಿ ಸೊಕ್ಕಾ ಎಂಬ ಹುಡುಗ ಬೆಂಕಿ ನಾಡಿನವರ ಹಬ್ಬದಲ್ಲಿ ‘ಫ್ಲೇಮಿಂಗ್ ಫೈರ್ ಫ್ಲೇಕ್ಸ್’ ಎಂಬ ಕುರುಕಲು ಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ; ‘ಹಾಟ್, ಹಾಟ್’ ಎಂದು ಒದ್ದಾಡುತ್ತಾನೆ. ಬೆಂಕಿಯ ಹೆಸರು ಹೊತ್ತ ತಿಂಡಿ ಹಾಟ್ ಆಗಿರದೆ ಇನ್ನೇನು ಎಂಬ ಧಾಟಿಯಲ್ಲಿ ಗೆಳೆಯ ಆಂಗ್ ಮಾತಾಡುತ್ತಾನೆ. ಇಂಗ್ಲಿಷಿನವರಿಗೆ ನಗು ಬರುವುದು ಅಲ್ಲಿ ಬಿಸಿಗೂ ಖಾರಕ್ಕೂ ಒಂದೇ ಮಾತು ಇರುವುದರಿಂದ. ಕನ್ನಡದಲ್ಲಿ ‘ಬೆಂಕಿ ಚೂರು ತಿಂದೆ, ಖಾರ’ ಎಂದರೆ ನಗು ಸತ್ತಿತು. ‘ಬಿಸಿ’ ಎಂದರೆ ಅರ್ಥವೇ ಸತ್ತಿತು. ಇದು ಕನ್ನಡದ ಬಡತನ ಎಂದು ತಿಳಿಯುವವರಿದ್ದಾರೆ. ನನ್ನ ವಾದ ತದ್ವಿರುದ್ಧ. ‘ಖಾರ’ ಎಂಬುದು ಬೆಂಕಿಯಿಲ್ಲದ ಸುಡುವಿಕೆಗೆ ಇಟ್ಟ ಹೆಸರು, ಆ ಕಾರಣಕ್ಕೇ ಅದು ‘ಹಾಟ್’ಗಿಂತಲೂ ‘ಸ್ಪೈಸಿ’ಗಿಂತಲೂ ನಿಖರವಾದ ಮಾತು. ಇದಕ್ಕೆ ಸಾಕ್ಷಿ ರಾಮೆನ್ ಬಟ್ಟಲಿನಲ್ಲೇ ಇದೆ.

ಮೊದಲು ಈ ಜಪಾನಿ ಶ್ಯಾವಿಗೆ-ಸಾರಿನ ಬಟ್ಟಲನ್ನು ನೋಡೋಣ. ‘ರಾಮೆನ್’ ಹೆಸರಿನ ಚೀನೀ ಮೂಲವನ್ನು ಎಲ್ಲರೂ ಹೇಳುತ್ತಾರೆ, ಅದನ್ನು ಬಿಡುತ್ತೇನೆ. ರಾಮೆನ್ನನ್ನು ಬೇರೆ ಶ್ಯಾವಿಗೆಗಳಿಂದ ಬೇರ್ಪಡಿಸುವುದು ಅದರ ಹಿಟ್ಟಿಗೆ ಬೀಳುವ ಕಾನ್ಸುಯಿ. ಅದು ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟುಗಳು ಕರಗಿದ ನೀರು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಚೌಳು ನೀರು. ಅದು ತಾಗಿದೊಡನೆ ಮೈದಾ ಹಿಟ್ಟು ಮೊಟ್ಟೆ ಹಾಕದೆಯೂ ಹಳದಿಗೆ ತಿರುಗುತ್ತದೆ, ಎಳೆಗಳು ಬಿಗಿಯಾಗಿ ಪುಟಿಯುತ್ತವೆ, ಬೆಂದ ಮೇಲೂ ಸಾರಿನಲ್ಲಿ ಬೇಗ ಕರಗಿ ಮುದ್ದೆಯಾಗುವುದಿಲ್ಲ. ಕಾನ್ಸುಯಿ ಸಿಗದ ಮನೆಯಲ್ಲಿ ಅಡಿಗೆ ಸೋಡಾವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ 120 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಒಂದು ಗಂಟೆ ಇಡುತ್ತಾರೆ. ಬೈಕಾರ್ಬೊನೇಟು ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಟ್ಟುಕೊಟ್ಟು, ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ತೂಕ ಕಳೆದುಕೊಂಡು, ಕಾರ್ಬೊನೇಟಾಗುತ್ತದೆ. ನೂರು ಗ್ರಾಂ ಮೈದಾಕ್ಕೆ ಆ ಪುಡಿ ಒಂದು ಗ್ರಾಂ, ಚಿಟಿಕೆ ಉಪ್ಪು, ನಲವತ್ತು ಮಿಲಿಲೀಟರಿನಷ್ಟು ನೀರು. ಪುಡಿಯನ್ನು ಬರಿಗೈಲಿ ಮುಟ್ಟಬಾರದು, ಚರ್ಮ ಚುರುಗುಟ್ಟುತ್ತದೆ. ಈ ಚುರುಗುಟ್ಟುವಿಕೆಯೇ ನಮ್ಮ ಪದದ ಹುಟ್ಟೂರು. ಸಂಸ್ಕೃತದ ‘ಕ್ಷಾರ’ ಎಂದರೆ ಸುಟ್ಟ ಗಿಡದ ಬೂದಿಯಿಂದ ತೆಗೆದ, ಮೈಯನ್ನು ಕೊರೆಯುವ ದ್ರವ್ಯ. ಸುಶ್ರುತನ ವೈದ್ಯದಲ್ಲಿ ಕತ್ತಿಯಿಲ್ಲದೆ ಮಾಂಸ ಕತ್ತರಿಸುವುದಕ್ಕೆ ಅದನ್ನೇ ಬಳಸುತ್ತಿದ್ದರು. ಕ್ಷಾರಸೂತ್ರದ ಚಿಕಿತ್ಸೆ ಇಂದಿಗೂ ನಡೆಯುತ್ತಿದೆ. ಆ ಕ್ಷಾರದ ಮಗಳು ನಮ್ಮ ಖಾರ.

ಕ್ಷಾರ ಖಾರವಾದದ್ದು ಸರಿ, ಬೂದಿಯಿಂದ ಮೆಣಸಿನಕಾಯಿಗೆ ಹಾರಿದ್ದು ಹೇಗೆ? ನೆರೆಹೊರೆಯನ್ನು ವಿಚಾರಿಸಿದರೆ ದಾರಿ ಕಾಣುತ್ತದೆ. ಹಿಂದಿಯಲ್ಲಿ, ಮರಾಠಿಯಲ್ಲಿ ‘ಖಾರಾ’ ಎಂದರೆ ಉಪ್ಪುಪ್ಪು. ಅಸ್ಸಾಮಿನಲ್ಲಿ ‘ಖಾರ್’ ಎಂದರೆ ಬಾಳೆಕಾಯಿ ಸಿಪ್ಪೆಯ ಬೂದಿನೀರು ಹಾಕಿದ ಅಡಿಗೆ. ತೆಲುಗಿನಲ್ಲಿ ‘ಕಾರಂ’ ಎಂದರೆ ಮೆಣಸಿನಕಾಯಿಯ ಉರಿ. ತಮಿಳಿನ ‘ಕಾರಂ’ ಎರಡನ್ನೂ ಹಿಡಿದುಕೊಂಡಿದೆ, ಉರಿಯನ್ನೂ ಕ್ಷಾರವನ್ನೂ. ಕನ್ನಡದಲ್ಲಿ ಹಳೆಯ ಅರ್ಥ ಅಳಿಸಿಹೋಗಿದೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ, ಆದರೆ ಅದು ಎರಡು ಕಡೆ ಅಡಗಿ ಕುಳಿತಿದೆ. ಒಂದು, ಹಪ್ಪಳದ ಹಿಟ್ಟಿಗೆ ಹಾಕುವ ‘ಹಪ್ಪಳ ಖಾರ’. ಅದರಲ್ಲಿ ಮೆಣಸಿನಕಾಯಿಯ ಸುಳಿವೂ ಇಲ್ಲ. ಅದು ಸೋಡಾ ಜಾತಿಯ ಬಿಳಿ ಪುಡಿ, ಕಾನ್ಸುಯಿಯ ಹತ್ತಿರದ ಬಂಧು. ಇನ್ನೊಂದು, ನಂಟರು ಬಂದಾಗ ತಟ್ಟೆಯಲ್ಲಿ ಇಡುವ ‘ಸಿಹಿ-ಖಾರ’. ಆ ಖಾರ ಬಾಯಿ ಸುಡಲೇಬೇಕೆಂದಿಲ್ಲ. ಕೋಡುಬಳೆಯಾಗಲಿ ಓಂಪುಡಿಯಾಗಲಿ ಬೇಕರಿಯ ಖಾರ ಬಿಸ್ಕತ್ತಾಗಲಿ, ಸಿಹಿಯಲ್ಲದೆ ಉಪ್ಪುಪ್ಪಾಗಿ ಇದ್ದರೆ ಸಾಕು. ಕೇಸರಿಬಾತಿನ ಪಕ್ಕದ ಖಾರಾಬಾತಿಗೂ ಅದೇ ನ್ಯಾಯ. ಎಂದರೆ ಉತ್ತರದ ‘ಖಾರಾ’ ನಮ್ಮ ತಿಂಡಿ ತಟ್ಟೆಯಲ್ಲಿ ಇನ್ನೂ ಜೀವಂತವಾಗಿದೆ.

ನನ್ನ ಊಹೆಯನ್ನು ಊಹೆಯೆಂದೇ ಹೇಳಿಬಿಡುತ್ತೇನೆ. ಕನ್ನಡಕ್ಕೆ ಕ್ಷಾರಗುಣದ ಮಣ್ಣು-ನೀರುಗಳಿಗೆ ‘ಚೌಳು’, ‘ಸವಳು’ ಎಂಬ ತನ್ನದೇ ಮಾತುಗಳಿದ್ದವು. ಹಾಗಾಗಿ ‘ಖಾರ’ಕ್ಕೆ ಇಲ್ಲಿ ಮಾಡಲು ಹೆಚ್ಚು ಕೆಲಸವಿರಲಿಲ್ಲ, ಹಿಂದಿಯವರಿಗೆ ಚೌಳು ನೀರಿಗೂ ‘ಖಾರಾ’ವೇ ಬೇಕಾಗಿದ್ದರಿಂದ ಅಲ್ಲಿ ಅದು ಕದಲಲಿಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ಬಂದಿಳಿದಾಗ ಕಾಯಿಗೆ ಹೆಸರು ಹಳೆಯ ಮೆಣಸಿನಿಂದ ಸಿಕ್ಕಿತು. ಅದು ಎಬ್ಬಿಸುವ ಉರಿಗೆ ಮಾತ್ರ ಮೆಣಸಿಗೆ ಸಲ್ಲುತ್ತಿದ್ದ ಮಾತು ಸಾಲದಾಯಿತು. ಆಗ ಬೂದಿನೀರು ತಾಗಿದ ಚರ್ಮದ ನೆನಪನ್ನು ಹೊತ್ತಿದ್ದ ಪದ ಮುಂದೆ ಬಂತು. ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ‘ಕಾರ’ ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ಮೆಣಸಿಗೆ ‘ಕರಿ’ ಎಂಬ ಪ್ರಾಚೀನ ಹೆಸರಿದೆ, ಮಹಾಪ್ರಾಣ ನಾವು ಆಮೇಲೆ ಅಂಟಿಸಿಕೊಂಡದ್ದು ಎನ್ನುವವರಿದ್ದಾರೆ. ಅದನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಯ ನಾಲಿಗೆಯ ಮೇಲೆ ಇರುವುದು ‘ಕಾರ’ವೇ. ಆದರೆ ಹಪ್ಪಳ ಖಾರದ ಬಿಳಿ ಪುಡಿಯನ್ನು ಆ ಮೂಲದಿಂದ ವಿವರಿಸಲಾಗದು. ಎರಡು ಹೊಳೆಗಳು ಕೂಡಿರಬಹುದು ಎಂದು ಒಪ್ಪುತ್ತೇನೆ. ಕ್ಷಾರದ ಹೊಳೆ ಇರಲೇ ಇಲ್ಲ ಎಂಬುದನ್ನು ಒಪ್ಪಲಾರೆ. ಜಪಾನಿ ಭಾಷೆಯಲ್ಲಿ ಖಾರಕ್ಕೆ ‘ಕರಾಯ್’ ಎನ್ನುತ್ತಾರೆ, ಉಪ್ಪು ಜಾಸ್ತಿಯಾದದ್ದಕ್ಕೂ ಅದೇ ಮಾತು ಬರುತ್ತದೆ ಎಂದು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಆದರೂ ದನಿಯ ಹೋಲಿಕೆಯೊಂದನ್ನೇ ನಂಬಿ ಸಮುದ್ರ ದಾಟಬಾರದು. ಅಲ್ಲಿ ನಿಜವಾಗಿ ಕಲಿಯಬೇಕಾದದ್ದು ಲಿಪಿಯಿಂದ: ‘ಕರಾಯ್’ ಎಂದು ಓದುವ ಅಕ್ಷರವನ್ನೇ ‘ತ್ಸುರಾಯ್’ ಎಂದೂ ಓದುತ್ತಾರೆ, ಆಗ ಅದರ ಅರ್ಥ ನೋವು, ಸಂಕಟ. ರುಚಿ ಎಂದಲ್ಲ, ಯಾತನೆ ಎಂದು ಆ ಲಿಪಿ ಖಾರವನ್ನು ಗುರುತಿಸಿದೆ.

ಖಾರದ ತಾಯಿಯಾದ ಕ್ಷಾರ ರುಚಿಯೇ ಅಲ್ಲ ಎಂಬ ತೀರ್ಪು ನಮ್ಮಲ್ಲೂ ಬಹಳ ಹಿಂದೆಯೇ ಬಂದಿತ್ತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ರಸಗಳೆಷ್ಟು ಎಂಬ ಚರ್ಚೆ ಬರುತ್ತದೆ. ಆರರ ಜೊತೆಗೆ ಕ್ಷಾರವನ್ನೂ ಸೇರಿಸಿ ಏಳು ಎನ್ನುತ್ತಾನೆ ವಿದೇಹದ ನಿಮಿ. ಚರ್ಚೆ ನಡೆಸುವ ಗುರು ಆತ್ರೇಯ ಒಪ್ಪುವುದಿಲ್ಲ, ಕ್ಷಾರ ರಸವಲ್ಲ, ಅದೊಂದು ದ್ರವ್ಯ ಎಂದು ಬದಿಗಿಡುತ್ತಾನೆ. ಅಲ್ಲಿ ಮೆಣಸು-ಶುಂಠಿಗಳ ಗುಣಕ್ಕೆ ‘ಕಟು’ ಎಂಬ ಹೆಸರಿತ್ತು. ಕನ್ನಡ ‘ಕಟು’ವನ್ನು ಅಡಿಗೆಮನೆಯಿಂದ ಹೊರಗೆ ಕಳಿಸಿ ಕಟುಮಾತು, ಕಟುಸತ್ಯಗಳಿಗೆ ಇಟ್ಟುಕೊಂಡಿತು, ನಿಮಿಯ ಕ್ಷಾರವನ್ನು ಕರೆತಂದು ‘ಉಪ್ಪು ಹುಳಿ ಖಾರ’ದಲ್ಲಿ ಕೂರಿಸಿತು. ಆತ್ರೇಯ ಬದಿಗಿಟ್ಟದ್ದನ್ನು ಕನ್ನಡದ ಅಡಿಗೆಯವರು ಪಂಕ್ತಿಗೆ ಕರೆದರು. ವಿಜ್ಞಾನವೂ ಖಾರವನ್ನು ರುಚಿಯೆಂದು ಒಪ್ಪುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯ ರುಚಿಮೊಗ್ಗುಗಳನ್ನು ಮುಟ್ಟುವುದಿಲ್ಲ, ನೋವಿನ ನರಗಳನ್ನು ಮುಟ್ಟುತ್ತದೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಆ ನರಗಳ ಮೇಲಿನ ಗ್ರಾಹಕವನ್ನು ಗುರುತಿಸಿತು. 2021ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ಸುಮಾರು 43 ಡಿಗ್ರಿ ದಾಟಿದ ಶಾಖಕ್ಕೆ ಎಚ್ಚರಗೊಳ್ಳುವ ಗ್ರಾಹಕ ಅದು. ಕ್ಯಾಪ್ಸೈಸಿನ್ ಶಾಖವಿಲ್ಲದೆಯೇ ಅದನ್ನು ಎಬ್ಬಿಸುತ್ತದೆ. ಹಾಗಾದರೆ ‘ಹಾಟ್’ ಎಂಬುದೇ ಸರಿಯಾಯಿತಲ್ಲ ಎಂದು ಕೇಳಬಹುದು. ನರಕ್ಕೆ ಅನ್ನಿಸಿದ್ದನ್ನು ಮಾತ್ರ ಹೇಳಿದರೆ ಸಾಕೆನ್ನುವವರಿಗೆ ಸರಿ. ಆದರೆ ನರ ಅಲ್ಲಿ ಮೋಸಹೋಗಿದೆ. ‘ಹಾಟ್’ ಆ ಮೋಸವನ್ನೇ ನಿಜವೆಂದು ಹೇಳುತ್ತದೆ. ಬೆಂಕಿಯಿಲ್ಲದೆ ಸುಡುವ ದ್ರವ್ಯದ ಹೆಸರನ್ನೇ ಎತ್ತಿಟ್ಟ ‘ಖಾರ’ ನಡೆದದ್ದನ್ನು ನಡೆದ ಹಾಗೇ ಹೇಳುತ್ತದೆ.

ಖಾರ ಮಿಕ್ಕ ರುಚಿಗಳಂತಲ್ಲ ಎಂಬುದನ್ನು ಗಾದೆ ಕಟ್ಟಿದವರೂ ಬಲ್ಲವರಾಗಿದ್ದರು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬುದನ್ನು ತಪ್ಪು ಮಾಡಿದವರಿಗೆ ಶಿಕ್ಷೆ ತಪ್ಪದು ಎಂಬ ಅರ್ಥದಲ್ಲೇ ಎಲ್ಲರೂ ಬಳಸುತ್ತೇವೆ, ಅದರೊಳಗಿನ ಅಡಿಗೆಯ ಅರಿವನ್ನು ಗಮನಿಸುವುದಿಲ್ಲ. ಅಲ್ಲಿ ಉಪ್ಪಿನ ಬದಲು ಖಾರ ಇಟ್ಟು ನೋಡಿ. ‘ಖಾರ ತಿಂದವನು ನೀರು ಕುಡಿಯಲೇಬೇಕು’ ಎಂದು ಯಾರ ಬಾಯಲ್ಲೂ ಬಂದಿಲ್ಲ, ಬಾಯಿ ಉರಿದಾಗ ಎಲ್ಲರೂ ಮೊದಲು ಚೆಂಬಿಗೇ ಕೈ ಚಾಚಿದರೂ. ಉಪ್ಪು ನೀರಿನಲ್ಲಿ ಕರಗುತ್ತದೆ, ದೇಹ ಅದಕ್ಕೆ ತಕ್ಕಷ್ಟು ನೀರು ಕೇಳುತ್ತದೆ, ಕುಡಿದರೆ ಲೆಕ್ಕ ಚುಕ್ತಾ. ಖಾರ ನೀರಿಗೆ ಬಗ್ಗುವುದಿಲ್ಲ. ಅದು ಕರಗುವುದು ಜಿಡ್ಡಿನಲ್ಲಿ. ನೀರು ಕುಡಿದಷ್ಟೂ ಉರಿ ಬಾಯಿ ತುಂಬ ಹರಡುತ್ತದೆ, ಕೊನೆಗೆ ಮೊಸರೋ ಹಾಲೋ ತುಪ್ಪದನ್ನವೋ ಬೇಕಾಗುತ್ತದೆ. ಗಾದೆಗೆ ಬೇಕಾದದ್ದು ತಪ್ಪಿಗೂ ಪರಿಹಾರಕ್ಕೂ ನಡುವಿನ ನೇರ ದಾರಿ. ಅದು ಉಪ್ಪಿನಲ್ಲಿತ್ತು, ಖಾರದಲ್ಲಿರಲಿಲ್ಲ. ಆದ್ದರಿಂದ ಖಾರಕ್ಕೆ ನುಡಿಗಟ್ಟಿನಲ್ಲಿ ಬೇರೆ ಕೆಲಸಗಳು ಸಿಕ್ಕವು: ಗಾಯಕ್ಕೆ ಸವರುವುದು, ಸುದ್ದಿಗೆ ಹಚ್ಚುವುದು. ಎರಡರಲ್ಲೂ ಅದು ಮೇಲಿಂದ ಸವರುವ ವಸ್ತು, ಎರಡರಲ್ಲೂ ಚರ್ಮ ಚುರುಗುಟ್ಟುತ್ತದೆ. ಕ್ಷಾರದ ಹಳೆಯ ಕಸುಬು ಬಿಟ್ಟುಹೋಗಿಲ್ಲ. ರಾಮೆನ್ ಮಾಡುವವರಿಗೆ ಈ ಗಾದೆಯ ಅರಿವು ಬಟ್ಟಲಲ್ಲೇ ಉಪಯೋಗಕ್ಕೆ ಬರುತ್ತದೆ. ಮೆಣಸಿನಕಾಯಿ ಪುಡಿಯನ್ನು ನೇರವಾಗಿ ಸಾರಿಗೆ ಸುರಿದರೆ ಅದು ತಳ ಸೇರಿ ಗಂಟಲು ಕೆರೆಯುತ್ತದೆ. ಎಣ್ಣೆ ಕಾಯಿಸಿ, ಹೊಗೆಯಾಡುವ ಮೊದಲೇ ಇಳಿಸಿ, ತುಸು ತಣಿಸಿ, ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು ಎಂದು ಬೆರೆಸಿದ ಪುಡಿಯ ಮೇಲೆ ಹುಯ್ದರೆ ಸುಂಯ್ ಎಂದು ನೊರೆ ಏಳುತ್ತದೆ, ಘಾಟು ಮೂಗಿಗೆ ಬಡಿಯುತ್ತದೆ, ಖಾರ ಪೂರ್ತಿ ಎಣ್ಣೆಗಿಳಿಯುತ್ತದೆ. ಪುಡಿ ಕಪ್ಪಾದರೆ ಎಣ್ಣೆ ಅತಿಯಾಗಿ ಕಾದಿತ್ತು ಎಂದರ್ಥ, ಕಹಿ ಬಂದೇ ಬರುತ್ತದೆ. ಜಪಾನಿನಲ್ಲಿ ಇದೇ ‘ರಾಯು’. ಸಾರಿನ ಮೇಲೆ ತೇಲುವ ಆ ಕೆಂಪು ಹನಿಗಳು ಶ್ಯಾವಿಗೆಯ ಎಳೆಗಳನ್ನು ಹಿಡಿದು ಬಾಯಿಗೆ ಬರುತ್ತವೆ.

‘ಸ್ಪೈಸಿ’ಯ ಮೇಲೆ ನನ್ನ ತಕರಾರು ಇರುವುದೂ ಇಲ್ಲೇ. ಅದು ಪರಭಾಷೆಯ ಮಾತು ಎಂಬ ಕಾರಣಕ್ಕಲ್ಲ. ಸೋಡಾ, ಮೈದಾ, ರಾಮೆನ್ ಎಲ್ಲವೂ ಹೊರಗಿನಿಂದ ಬಂದವೇ, ಬಂದು ನಮ್ಮ ಕೆಲಸ ಮಾಡುತ್ತಿವೆ. ‘ಸ್ಪೈಸಿ’ ಮಾತ್ರ ನಮ್ಮಲ್ಲಿದ್ದ ಒಂದು ಗೆರೆಯನ್ನು ಅಳಿಸುತ್ತದೆ. ಏಲಕ್ಕಿ, ಲವಂಗ, ಚಕ್ಕೆ ಘಮ್ಮೆನ್ನುವ ಪಲಾವಿಗೆ ಮಸಾಲೆ ಜಾಸ್ತಿ, ಖಾರ ಕಡಿಮೆ ಎನ್ನುತ್ತೇವೆ. ಹಸಿಮೆಣಸಿನಕಾಯಿ ಚಟ್ನಿಗೆ ಮಸಾಲೆ ಇಲ್ಲ, ಖಾರ ಉಂಟು. ಹೋಟೆಲಿನಲ್ಲಿ ‘ಸ್ಪೈಸಿ ಬೇಡ’ ಎಂದವರಿಗೆ ಕೆಲವೊಮ್ಮೆ ಘಮವೂ ಇಲ್ಲದ ಸಪ್ಪೆ ಊಟ ಬರುವುದು ಈ ಗೆರೆ ಅಳಿದ ಫಲ. ರಾಮೆನ್ನಿನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು: ‘ಸ್ಪೈಸಿ’ ಎಂದು ಕೇಳಿದವರು ಡಬ್ಬಿ ತೆಗೆದು ಗರಂ ಮಸಾಲೆ ಉದುರಿಸುತ್ತಾರೆ, ಸೋಯಾ ಸಾರಿನ ಮೆತ್ತನೆಯ ರುಚಿ ಅದರಡಿ ಹೂತುಹೋಗುತ್ತದೆ. ‘ಖಾರದ ರಾಮೆನ್’ ಎಂದಿದ್ದರೆ ಕೈ ಆ ಡಬ್ಬಿಯ ಕಡೆಗೆ ಹೋಗುತ್ತಲೇ ಇರಲಿಲ್ಲ. ಹಳೇ ಮೈಸೂರಿನ ಕಡೆ ಸಾರಿಗೆ ರುಬ್ಬುವ ಮಸಾಲೆಯನ್ನೇ ‘ಖಾರ ರುಬ್ಬೋದು’ ಎನ್ನುತ್ತಾರಲ್ಲ, ಅಲ್ಲಿ ಗೆರೆ ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ನ್ಯಾಯವಾದ ಪ್ರಶ್ನೆ. ಆದರೆ ಅದು ಮುಖ್ಯ ಸಾಮಗ್ರಿಯ ಹೆಸರಿನಿಂದ ಇಡೀ ಮುದ್ದೆಯನ್ನು ಕರೆಯುವ ರೂಢಿ. ಅದೇ ಮನೆಯವರೇ ಊಟಕ್ಕೆ ಕುಳಿತಾಗ ‘ಮಸಾಲೆ ಚೆನ್ನಾಗಿ ಹಿಡಿದಿದೆ, ಖಾರ ಸಾಲದು’ ಎಂದು ಬೇರೆಬೇರೆಯಾಗಿಯೇ ತೂಗಿ ಹೇಳುತ್ತಾರೆ.

ಇನ್ನು ಸೊಕ್ಕಾನ ಬೆಂಕಿ ಚೂರಿನ ಮಾತು. ಕನ್ನಡದಲ್ಲಿ ಆ ನಗು ಸತ್ತಿತು ಎಂದು ಮೊದಲಲ್ಲಿ ಹೇಳಿದೆ. ಅದು ‘ಖಾರ’, ‘ಬಿಸಿ’ ಎರಡನ್ನೇ ಎದುರಿಗಿಟ್ಟುಕೊಂಡಾಗ ಮಾತ್ರ. ಈ ಅನುಭವವನ್ನು ಕನ್ನಡ ಮೂರಾಗಿ ಹಂಚಿಟ್ಟಿದೆ. ತಟ್ಟೆಯಿಂದ ಕೈಗೆ ತಾಗುವುದು ಬಿಸಿ. ಮೆಣಸಿನಕಾಯಿಯಲ್ಲಿ ಇರುವುದು ಖಾರ. ತಿಂದವರ ಬಾಯಲ್ಲಿ ಏಳುವುದು ಉರಿ. ಈ ಕೊನೆಯದರಲ್ಲಿ ಒಲೆಯ ಜ್ವಾಲೆಯೂ ಇದೆ, ಕಣ್ಣುರಿ, ಎದೆಯುರಿ, ಹೊಟ್ಟೆಯುರಿಗಳೂ ಇವೆ. ಬೆಂಕಿಗೂ ನೋವಿಗೂ ಒಂದೇ ಮಾತು ನಮ್ಮಲ್ಲೂ ಉಂಟು, ಆದರೆ ಅದನ್ನು ತಿಂಡಿಗೆ ಕೊಡದೆ ತಿಂದವರಿಗೆ ಕೊಟ್ಟಿದ್ದೇವೆ. ಆ ಕಂತನ್ನು ಕನ್ನಡಕ್ಕೆ ತರುವವರು ಕುರುಕಲಿಗೆ ‘ಉರಿಚೂರು’ ಎಂದು ಹೆಸರಿಡಲಿ, ಹುಡುಗ ‘ಉರಿ, ಉರಿ’ ಎಂದು ಬಾಯಿ ಬಿಡಲಿ, ಗೆಳೆಯ ‘ಉರಿಚೂರು ಉರಿಯದೆ ಇನ್ನೇನು ಮಾಡೀತು’ ಎನ್ನಲಿ.